ಲೆಸ್ಟರ್‌ನಿಂದ ಬಂದ ಪೆಟ್ಟಿಗೆ

ಕಳೆದ ಗುರುವಾರ ಸಂಜೆ ನಮ್ಮ ಮನೆಯಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೊಬ್ಬ ನಗಲಿಲ್ಲ.

ನಗಿಸಿದವಳು ಮೊಮ್ಮಗಳು ಅನ್ವಿ. ಎಂಟನೇ ಕ್ಲಾಸು. ಅವತ್ತು ಬೆಳಿಗ್ಗೆ ಶಾಲೆಯಲ್ಲಿ ಪೇರೆಂಟ್ಸ್ ಮೀಟಿಂಗ್ ಇತ್ತು. ಇವಳ ಗೆಳತಿಯೊಬ್ಬಳ ಅಪ್ಪ ಎದ್ದು ನಿಂತು, ತಮ್ಮ ದೊಡ್ಡ ಮಗನಿಗೆ ಎಡಿನ್‌ಬರ್ಗ್‌ನಲ್ಲಿ ಸೀಟು ಸಿಕ್ಕಿದೆ ಎಂದರಂತೆ.

‘ಬರ್ಗ್, ಅಜ್ಜ! ಲೈಕ್ ಬರ್ಗರ್!’

ಅಷ್ಟಕ್ಕೇ ಬಿಡಲಿಲ್ಲ. ಸೋಫಾದ ಮೇಲೆ ಹತ್ತಿ ನಿಂತು, ಪ್ಯಾಂಟು ಮೇಲೆಳೆದುಕೊಳ್ಳುವ ಹಾಗೆ ಮಾಡಿ, ಗಂಟಲು ಸರಿಪಡಿಸಿಕೊಂಡು, ಆ ಮನುಷ್ಯನ ಇಡೀ ಭಾಷಣ ಒಪ್ಪಿಸಿದಳು. ಸೊಸೆ ನಕ್ಕಳು. ಮಗ ಕಣ್ಣೀರು ಬರುವಷ್ಟು ನಕ್ಕ.

‘ಅದು ಎಡಿನ್‌ಬರಾ ಅಲ್ವಾ ಅಜ್ಜ? ಯು ಟೆಲ್.’

‘ಅದನ್ನು ಕೇಳ್ಬೇಕಾ? ಇಂಗ್ಲೆಂಡಿನ ಊರಿನ ಹೆಸರಲ್ಲಿ ಪಪ್ಪ ಎಕ್ಸ್‌ಪರ್ಟ್ ಮಾರಾಯ್ತಿ,’ ಎಂದ ಮಗ.

(ಎಡಿನ್‌ಬರಾ ಇರುವುದು ಸ್ಕಾಟ್ಲೆಂಡಿನಲ್ಲಿ. ಅದನ್ನು ಇಂಗ್ಲೆಂಡ್ ಎಂದದ್ದಕ್ಕೆ ನನ್ನ ಹಳೆಯ ಬಾಸ್ ಇವನ ಕಿವಿ ಹಿಂಡುತ್ತಿದ್ದರು.)

ನಾನು ಎಕ್ಸ್‌ಪರ್ಟ್ ಹೌದು. ಅದೇ ತೊಂದರೆಯಾದದ್ದು.

ಎಸ್ಸೆಸ್ಸೆಲ್ಸಿ ಮುಗಿಸಿ ಕಾರ್ಕಳದಿಂದ ಮಸ್ಕತ್‌ಗೆ ಬಂದವನು ಬಿಳಿಯರ ಜೊತೆ ಫೋನಿನಲ್ಲಿ ವ್ಯವಹಾರ ಮಾಡಿದೆ ಎಂದು ಈ ಅಂಕಣದಲ್ಲಿ ನಾನು ಎಷ್ಟು ಸಲ ಜಂಬ ಕೊಚ್ಚಿಕೊಂಡಿಲ್ಲ? ನೀವೂ ಓದಿ ಮೆಚ್ಚಿದ್ದೀರಿ. ಆದರೆ ಒಂದು ಸಂಗತಿಯನ್ನು ಪ್ರತಿ ಸಲವೂ ಬಿಟ್ಟು ಬರೆದಿದ್ದೆ. ಇವತ್ತು ಅದನ್ನು ಬರೆಯುತ್ತೇನೆ.

ಮಸ್ಕತ್‌ನ ಅಲ್ ಖುವೈರ್‌ನಲ್ಲಿದ್ದ ನಮ್ಮ ಕಂಪನಿ ನೀರಿನ ಪಂಪುಗಳ ಬಿಡಿಭಾಗ ತರಿಸುತ್ತಿತ್ತು. ನಾನು ಪರ್ಚೇಸ್ ಕ್ಲಾರ್ಕ್. ನಮಗೆ ಮಧ್ಯಾಹ್ನ ಒಂದು ಗಂಟೆಯಾದಾಗ ಇಂಗ್ಲೆಂಡಿನಲ್ಲಿ ಬೆಳಿಗ್ಗೆ ಒಂಬತ್ತು. ಎಲ್ಲರೂ ಊಟದ ಡಬ್ಬಿ ತೆರೆಯುವ ಹೊತ್ತಿಗೆ ನಾನು ಫೋನು ಹಿಡಿಯಬೇಕು. ಬಾಸ್ ಸ್ಕಾಟ್ಲೆಂಡಿನವರು, ಗ್ಲಾಸ್ಗೋ ಪಕ್ಕದವರು. ಅವರ ಇಂಗ್ಲಿಷ್ ನನಗೆ ಮೂರು ತಿಂಗಳು ಒಂದಕ್ಷರವೂ ತಿಳಿಯಲಿಲ್ಲ. ಎಲ್ಲದಕ್ಕೂ ‘ಯೆಸ್ ಸರ್’ ಎನ್ನುತ್ತಿದ್ದೆ. ಒಮ್ಮೆ ಅವರು ಬಿಸಿಲಿನಲ್ಲಿ ಕಾರು ನಿಲ್ಲಿಸಿಕೊಂಡು ಅರ್ಧ ಗಂಟೆ ನನಗಾಗಿ ಕಾದರು. ಜೊತೆಗೆ ಬರುತ್ತೀಯಾ ಎಂದು ಕೇಳಿದ್ದರಂತೆ, ನಾನು ಯೆಸ್ ಸರ್ ಎಂದು ಕ್ಯಾಂಟೀನಿಗೆ ಹೋಗಿದ್ದೆ!

ಮೊದಲ ಸಲ ಇಂಗ್ಲೆಂಡಿಗೆ ಫೋನು ಮಾಡಿದಾಗ, ‘ಇಸ್ ಇಟ್ ಲೀಸೆಸ್ಟರ್?’ ಎಂದು ಕೇಳಿದೆ. ಕಾಗದದಲ್ಲಿ ಹಾಗೇ ಓದಲು ಬರುತ್ತಿತ್ತು. ಆ ಕಡೆ ಇದ್ದ ಹೆಂಗಸು ಮೆತ್ತಗೆ ಹೇಳಿದರು, ‘ಲೆಸ್ಟರ್, ಮಿ ಡಕ್.’

ಡಕ್? ನನ್ನನ್ನು ಬಾತುಕೋಳಿ ಎಂದರೇ? ಮುಖ ಬಿಸಿಯಾಯಿತು. ಬಾಸ್ ಹತ್ತಿರ ದೂರು ಕೊಟ್ಟೆ. ಅವರು ಬಿದ್ದು ಬಿದ್ದು ನಕ್ಕು, ನಿಧಾನವಾಗಿ ಬಿಡಿಸಿ ಹೇಳಿದರು. ಆ ಸೀಮೆಯಲ್ಲಿ ಪ್ರೀತಿಯಿಂದ ಮಾತಾಡಿಸುವುದೇ ಹಾಗಂತೆ. ನಮ್ಮ ಕಡೆ ‘ಮಾರಾಯ’ ಎಂದ ಹಾಗೆ.

ಅವತ್ತೇ ಒಂದು ನೋಟ್‌ಬುಕ್ ಮಾಡಿದೆ. ಎಡಕ್ಕೆ ಬರೆಯುವ ಹೆಸರು, ಬಲಕ್ಕೆ ಕನ್ನಡ ಅಕ್ಷರದಲ್ಲಿ ಹೇಳುವ ಹೆಸರು. ವೋರ್ಸೆಸ್ಟರ್‌ಗೆ ವುಸ್ಟರ್. ನಾರಿಜ್. ಲಫ್‌ಬರಾ. ಬಾಸ್‌ನ ಸ್ವಂತ ಊರನ್ನು ಕಾಗದದಲ್ಲಿ ಓದಿದರೆ ಮಿಲ್ನ್‌ಗೇವಿ, ಅವರ ಬಾಯಲ್ಲಿ ಮಲ್‌ಗಾಯ್! ಯಾರಪ್ಪನಿಗೆ ತಿಳಿಯಬೇಕು? ಇಂಗ್ಲೆಂಡಿನ ಯಾರ್ಕ್‌ಶೈರ್‌ನಿಂದ ಬಂದ ಎಂಜಿನಿಯರ್ ಒಬ್ಬರು ಅದನ್ನು ಬರೆದ ಹಾಗೇ ಓದಿದರು. ಬಿಳಿಯರೇ, ಇಂಗ್ಲಿಷಿನವರೇ! ಬಾಸ್ ನಗಲಿಲ್ಲ. ಒಂದು ಸಲ ಸರಿಯಾಗಿ ಹೇಳಿ ಮುಂದಿನ ಕೆಲಸಕ್ಕೆ ಹೋದರು. ನಾನು ಎದುರಿಗೇ ಕೂತು ನೋಡಿದ್ದೆ. ಏನೂ ಕಲಿಯಲಿಲ್ಲ.

ನೋಟ್‌ಬುಕ್ ಡ್ರಾಯರಿನಲ್ಲಿ ಬೀಗ ಹಾಕಿ ಇಡುತ್ತಿದ್ದೆ. ಯಾರಾದರೂ ಹೆಸರು ತಪ್ಪಿದರೆ ತಿದ್ದುತ್ತಿದ್ದೆ, ಹುಟ್ಟಿದಾಗಲೇ ಕಲಿತು ಬಂದವನ ಹಾಗೆ. ಮಸ್ಕತ್‌ನ ಕನ್ನಡದವರ ನಡುವೆ ನನಗೆ ‘ಇಂಗ್ಲಿಷ್ ಸದಾಶಿವಣ್ಣ’ ಎಂದು ಹೆಸರೂ ಬಿತ್ತು.

ಇಪ್ಪತ್ತೆರಡು ವರ್ಷದ ಹಿಂದೆ ನನ್ನ ಕೈಕೆಳಗೆ ಒಬ್ಬ ಅಸಿಸ್ಟೆಂಟ್ ಬೇಕಾಯಿತು. ನಮ್ಮದೇ ಗೋಡೌನಿನ ಸ್ಟೋರ್‌ನಲ್ಲಿದ್ದ ಈರಣ್ಣ ಅರ್ಜಿ ಹಾಕಿದ. ಗದಗದ ಕಡೆಯವನು. ಪಂಪಿನ ಪ್ರತಿಯೊಂದು ಬಿಡಿಭಾಗ ಕೈಯಲ್ಲಿ ಮುಟ್ಟಿ ಹೇಳುವಂಥವನು. ‘ನೀನೇ ಟೆಸ್ಟ್ ಮಾಡು,’ ಎಂದರು ಬಾಸ್. ಟೆಸ್ಟ್ ಎಂದರೆ ಊರುಗಳ ಹೆಸರು ಓದುವುದು, ಆಮೇಲೆ ನಿಜವಾಗಿ ಒಂದು ಫೋನು ಮಾಡಿ ಆರ್ಡರ್ ಕೊಡುವುದು.

ಹೆಸರುಗಳನ್ನು ಅವನು ಬರೆದ ಹಾಗೇ ಓದಿದ. ನಾನು ಮೊದಲ ದಿನ ಓದಿದ ಹಾಗೇ, ಅಕ್ಷರ ಅಕ್ಷರಕ್ಕೆ. ಆಮೇಲೆ ಫೋನು. ನಾನು ಸ್ಪೀಕರ್ ಹಾಕಿದೆ. (ಏಕೆ ಹಾಕಿದೆ? ಟೆಸ್ಟ್‌ಗೆ ಅದು ಬೇಕಿರಲಿಲ್ಲ. ನಾಲ್ಕು ಜನ ಕೇಳಲಿ ಎಂದೇ ಹಾಕಿದ್ದು.) ಅದೇ ಲೆಸ್ಟರ್, ಅದೇ ಹೆಂಗಸು. ಈರಣ್ಣ ‘ಲೀಸೆಸ್ಟರ್’ ಎಂದ. ಸೈಜು ಹೇಳಿದ, ನೀರು ಸೋರದಂತೆ ಪಂಪಿಗೆ ಹಾಕುವ ಸೀಲ್ ಹನ್ನೆರಡು ಬೇಕೆಂದ. ಅವರು ಒಂದೊಂದನ್ನೂ ತಿರುಗಿ ಹೇಳಿ, ‘ರೈಟ್ ಯು ಆರ್, ಡಕ್,’ ಎಂದರು.

ಇಡೀ ಆಫೀಸು ಹೋ ಎಂದು ನಕ್ಕಿತು. ಡಕ್! ಬಾತುಕೋಳಿ! ಆ ಮಾತಿನ ಅರ್ಥ ಗೊತ್ತಿದ್ದವನು ಅಲ್ಲಿ ನಾನೊಬ್ಬನೇ. ಎಲ್ಲರಿಗಿಂತ ಜೋರಾಗಿ ನಕ್ಕವನೂ ನಾನೇ.

ಈರಣ್ಣ ರಿಸೀವರ್ ಇಟ್ಟು, ನನ್ನನ್ನೇ ನೋಡಿ, ಗೋಡೌನಿಗೆ ಹೋದ. ನಾನು ಬಾಸ್ ಕೋಣೆಗೆ ಹೋಗಿ, ‘ಫೋನಿನಲ್ಲಿ ಅವನ ಮಾತು ಅವರಿಗೆ ತಿಳಿಯುವುದಿಲ್ಲ ಸರ್,’ ಎಂದೆ.

ಅದು ಹಸಿ ಸುಳ್ಳು. ತಿಳಿದಿತ್ತು. ಅವನು ಬಂದರೆ ನನ್ನ ಕುರ್ಚಿ ಅಲುಗಾಡುತ್ತದೆ ಎಂದು ಹೆದರಿದ್ದೆ, ಅಷ್ಟೇ. ಕೆಲಸ ನಮ್ಮ ಕರಾವಳಿಯ ಹುಡುಗನೊಬ್ಬನಿಗೆ ಸಿಕ್ಕಿತು. ಕೆಲವು ತಿಂಗಳಲ್ಲಿ ಈರಣ್ಣ ಕಂಪನಿ ಬಿಟ್ಟು ಒಮಾನಿನ ಒಳನಾಡಿನ ನಿಜ್ವಾಕ್ಕೆ ಹೋದ ಎಂದು ಕೇಳಿದೆ. ಅಲ್ಲಿಂದೀಚೆಗೆ ನನ್ನನ್ನು ಕಾಡಿದ್ದು ಒಂದೇ. ಆ ಮನುಷ್ಯ ತನಗೆ ಇಂಗ್ಲಿಷ್ ಬರುವುದೇ ಇಲ್ಲ ಎಂದು ನಂಬಿಬಿಟ್ಟನೇ? ಮತ್ತೆಂದೂ ಫೋನು ಮುಟ್ಟಲಿಲ್ಲವೇ? ನಾನು ನಂಬಿಸಿಬಿಟ್ಟೆನೇ?

ಅನ್ವಿ ಸೋಫಾ ಹತ್ತಿ ನಿಂತಾಗ ಆ ಸ್ಪೀಕರ್ ಫೋನು ಮತ್ತೆ ಕೇಳಿಸಿತು. ಇನ್ನು ತಡೆಯಲಾಗಲಿಲ್ಲ. ಇಲ್ಲಿಯ ಕೃಷ್ಣ ದೇವಸ್ಥಾನದಲ್ಲಿ ಸಿಗುವ ಗದಗದ ಗೆಳೆಯರೊಬ್ಬರಿಂದ ನಂಬರ್ ತೆಗೆದುಕೊಂಡೆ. ಫೋನು ಮಾಡಿದೆ. ನನ್ನ ಹೆಸರು ಹೇಳಿದೆ.

‘ನಾಳೆ ಶುಕ್ರವಾರ, ಮನ್ಯಾಗ ಇರ್ತೀನ್ರಿ ಸರ. ಬರ್ರಿ,’ ಎಂದರು ಈರಣ್ಣ.

ಮಗ ಕಾರು ಓಡಿಸಿದ. ಅನ್ವಿಯನ್ನು ಹಟ ಹಿಡಿದು ಜೊತೆಗೆ ಕರೆದುಕೊಂಡೆ. ‘ವೈ ಮಿ, ಅಜ್ಜ?’ ಎಂದು ಮುಖ ಊದಿಸಿ ಹಿಂದಿನ ಸೀಟಿನಲ್ಲಿ ಕೂತಳು. ನೋಟ್‌ಬುಕ್ ನನ್ನ ಅಂಗಿಯ ಜೇಬಿನಲ್ಲಿತ್ತು. ದಾರಿಯುದ್ದಕ್ಕೂ ಮೂರು ಸಲ ಮುಟ್ಟಿ ನೋಡಿಕೊಂಡೆ. ಖರ್ಜೂರದ ತೋಟಗಳು ಕಾಣತೊಡಗಿದಾಗ, ತಲೆನೋವು, ವಾಪಸ್ ಹೋಗೋಣ ಎಂದುಬಿಡಲೇ ಎನಿಸಿತು.

ಬಾಗಿಲು ತೆರೆದವರು ಈರಣ್ಣನ ಹೆಂಡತಿ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ತಿರುಗಿ ಕೂಗಿದರು.

‘ನೋಡ್ರಿ, ನಕ್ಕ ಸಾಹೇಬ್ರು ಬಂದಾರ!’

ಇಪ್ಪತ್ತೆರಡು ವರ್ಷ ಆ ಮನೆಯಲ್ಲಿ ನನ್ನ ಹೆಸರು ಅದು. ನಕ್ಕ ಸಾಹೇಬ್ರು. ಹಿಂದೆ ನಿಂತಿದ್ದ ಅನ್ವಿ ನನ್ನ ಮುಖ ನೋಡಿದಳು.

ಈರಣ್ಣನ ಮೀಸೆ ಪೂರ್ತಿ ಬೆಳ್ಳಗಾಗಿತ್ತು. ‘ಬರ್ರಿ ಸರ, ಕುಂದರ್ರಿ. ಚಾ ಆಮ್ಯಾಲೆ, ಮೊದ್ಲ ಗಿರ್ಮಿಟ್ ತಿನ್ರಿ.’ ಮಂಡಕ್ಕಿಯ ಆ ತಟ್ಟೆಯನ್ನು ನಾನು ಮುಟ್ಟಲಿಲ್ಲ. ಹೇಳಲು ಬಂದ ಮಾತು ಮೊದಲು ಆಡಬೇಕಿತ್ತು. ನೋಟ್‌ಬುಕ್ ತೆಗೆದು ಟೀಪಾಯಿಯ ಮೇಲಿಟ್ಟೆ. ಮೊದಲ ಪುಟ ತೆರೆದೆ. ‘ಲೀಸೆಸ್ಟರ್’ ಎಂದು ನಾನೇ ಬರೆದು, ನಾನೇ ಹೊಡೆದುಹಾಕಿ, ಪಕ್ಕದಲ್ಲಿ ‘ಲೆಸ್ಟರ್’ ಎಂದು ಬರೆದದ್ದನ್ನು ತೋರಿಸಿದೆ.

‘ನಾನೂ ಹಾಗೇ ಹೇಳಿದ್ದು ಈರಣ್ಣ. ಮೊದಲ ದಿನ. ಅದನ್ನು ಮುಚ್ಚಿಟ್ಟು ನಿಮ್ಮನ್ನು ನೋಡಿ ನಕ್ಕೆ. ಆಮೇಲೆ ಬಾಸ್ ಹತ್ರ ಸುಳ್ಳು ಹೇಳಿದೆ. ನಿಮ್ಮ ಮಾತು ಅವರಿಗೆ ತಿಳಿಯಲಿಲ್ಲ ಅಂತ. ನೀವು ಪಾಸಾಗಿದ್ರಿ. ಫೇಲ್ ಮಾಡಿದ್ದು ನಾನು.’

ಈರಣ್ಣ ನೋಟ್‌ಬುಕ್ ಎತ್ತಿಕೊಂಡು, ಕನ್ನಡಕ ಹಾಕಿ, ಎರಡು ಪುಟ ತಿರುವಿದರು.

‘ಅದು ನನಗ ಗೊತ್ತಿತ್ತಲ್ರಿ, ಸರ.’

‘ಏನು?’

‘ನಾ ಪಾಸ್ ಆಗಿದ್ದು. ಲೆಸ್ಟರ್‌ನಿಂದ ಪೆಟ್ಟಿಗಿ ಬಂತಲ್ಲ, ಸ್ಟೋರ್‌ನ್ಯಾಗ ಅದನ್ನ ಒಡದಂವ ಯಾರು? ನಾನ! ಹನ್ನೆರಡು ಸೀಲ್. ಸೈಜ್ ಬರೋಬ್ಬರಿ. ನಾ ಹೇಳಿದ್ದು ಆಕಿಗೆ ತಿಳೀದಿದ್ರ ಹೆಂಗ ಬರ್ತಿತ್ರಿ? ನಿಮ್ಮ ಕಡೆ ಫೇಲ್, ಪೆಟ್ಟಿಗಿ ಕಡೆ ಪಾಸ್. ಅದರ ಮ್ಯಾಲಿನ ಚೀಟಿ ಕಿತ್ಕೊಂಡು ನನ್ನ ಟ್ರಂಕಿನಾಗ ಅಂಟಿಸಿಕೊಂಡೆ. ಆ ಧೈರ್ಯದ ಮ್ಯಾಲೆ ಇಲ್ಲಿ ಕಾಲೇಜಿನ ಸ್ಟೋರ್‌ಗೆ ಬಂದೆ. ಹದಿನೆಂಟು ವರ್ಷ ಫೋನ್‌ನ್ಯಾಗ ಆರ್ಡರ್ ಕೊಟ್ಟೆ. ಜರ್ಮನಿ, ಇಟಲಿ, ಎಲ್ಲಾ ಕಡೆ. ಯಾವ ಊರ ಹೆಸರು ಹೆಂಗ ಅಂದ್ನೋ ದೇವರಿಗೇ ಗೊತ್ತು. ಪೆಟ್ಟಿಗಿ ಮಾತ್ರ ಬಂದೂ ಬಂದೂ ಬಿದ್ವು.’

ಇದನ್ನು ಕೇಳಿದಾಗ ನನಗೆ ಏನಾಯಿತು ಎಂದು ಹೇಗೆ ಬರೆಯಲಿ? ಹೊಸ ಚಪ್ಪಲಿ ಹಾಕಿಕೊಂಡು ಮದುವೆಮನೆಯಲ್ಲಿ ದಿನವಿಡೀ ಓಡಾಡಿ, ಮನೆಗೆ ಬಂದು ಬಿಚ್ಚಿಟ್ಟ ಹಾಗೆ. ಕಾಲು ನೋಯುತ್ತಲೇ ಇರುತ್ತದೆ, ಆದರೆ ಚಪ್ಪಲಿ ಹೊರಗಿರುತ್ತದೆ.

‘ಹಾಗಾದ್ರೆ ಯಾಕೆ ಜಗಳ ಮಾಡಲಿಲ್ಲ ನೀವು? ಬಾಸ್‌ಗೆ ಹೇಳಬಹುದಿತ್ತಲ್ಲ?’

‘ನಿಮ್ಮ ಇಂಗ್ಲಿಷ್ ಮುಂದ ನನ್ನ ಇಂಗ್ಲಿಷ್ ಯಾರ್ ಕೇಳ್ತಿದ್ರು ಸರ?’

ನಾನು ಗಿರ್ಮಿಟ್ ಬಾಯಿಗೆ ಹಾಕಿಕೊಂಡೆ. ಖಾರ. ಕಣ್ಣಲ್ಲಿ ನೀರು ಬಂದದ್ದಕ್ಕೆ ಒಂದು ನೆಪ ಸಿಕ್ಕಿತು.

ಚಹಾ ಬಂದ ಮೇಲೆ ಈರಣ್ಣ ಸ್ವಲ್ಪ ಮುಂದೆ ಸರಿದು ಕೂತರು. ದನಿ ತಗ್ಗಿಸಿದರು.

‘ನೌಕರಿ ಮಾತು ಬಿಡ್ರಿ. ಒಂದು ಮಾತ್ರ ಇನ್ನೂ ಮನಸ್ಸಿನಾಗ ಕೊರೀತೈತಿ. ಆಕಿ, ಲೆಸ್ಟರ್‌ನ ಅಕ್ಕಾರು, ನನಗ ಬಾತುಕೋಳಿ ಯಾಕ ಅಂದ್ರು? ನಾ ಏನ್ ಅಂಥಾದ್ದು ತಪ್ಪ್ ಮಾತಾಡಿದ್ನಿ? ಚೇಷ್ಟಿ ಮಾಡಿದ್ರೇನು?’

ಅಯ್ಯೋ ದೇವರೇ. ಇಷ್ಟು ವರ್ಷ!

ನಾನು ಹೇಳಿದೆ. ನನಗೂ ಹಾಗೇ ಹೇಳಿದ್ದರು, ನಾನೂ ಸಿಟ್ಟಾಗಿದ್ದೆ, ಅದು ಅವರ ಸೀಮೆಯ ಪ್ರೀತಿಯ ಮಾತು, ನಮ್ಮಲ್ಲಿ ‘ಮಾರಾಯ’ ಎಂದ ಹಾಗೆ. ನನಗೆ ಅವತ್ತೇ ಗೊತ್ತಿತ್ತು, ಒಂದು ಮಾತಿನಲ್ಲಿ ಹೇಳಬಹುದಿತ್ತು, ಹೇಳಲಿಲ್ಲ ಎಂಬುದನ್ನೂ ಹೇಳಿದೆ.

ಈರಣ್ಣನ ಮುಖ ನಿಧಾನವಾಗಿ ಅರಳಿತು. ‘ಹಂಗಾರ ಬೈದಿರಲಿಲ್ಲೇನ್ರಿ ಆಕಿ! ಏ, ಕೇಳಿದೇನ? ಆಕಿ ಬೈದಿಲ್ಲಂತ!’ ಎಂದು ಅಡುಗೆಮನೆಯ ಕಡೆ ಕೂಗಿದರು. ಮನೆಯೊಡತಿ ಹೊರಗೆ ಬಂದು, ‘ಇದನ್ನ ಹೇಳಾಕ ಇಪ್ಪತ್ತೆರಡು ವರ್ಷ ಬೇಕಾತೇನ್ರಿ ನಿಮಗ?’ ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡರು. ಬೈಗುಳ ತಿನ್ನುವುದು ಇಷ್ಟು ಹಿತವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಹೊರಡುವಾಗ ಈರಣ್ಣ ನೋಟ್‌ಬುಕ್ ವಾಪಸ್ ಕೊಡುತ್ತ ಕಣ್ಣು ಮಿಟುಕಿಸಿದರು.

‘ಸರ, ನಿಮ್ಮೂರಿಗೆ ಕಾರ್ಕಳ ಅಂತ ಬೋರ್ಡ್ ಹಾಕೀರಿ. ನಿಮ್ಮ ಮಂದಿ ತುಳುದಾಗ ಕಾರ್ಲ, ಕಾರ್ಲ ಅಂತಿದ್ರಿ. ಗೋಡೌನ್‌ನ್ಯಾಗ ದಿನಾ ಕೇಳ್ತಿದ್ದೆ. ನಾ ನಕ್ಕೇನೇನ್ರಿ?’

ಮಗ ಕಾರಿನ ಬಾಗಿಲು ಹಿಡಿದು ನಿಂತೇ ನಕ್ಕ. ನಾನೂ ನಕ್ಕೆ, ಬಹಳ ದಿನದ ಮೇಲೆ, ಧಾರಾಳವಾಗಿ.

ವಾಪಸ್ ಬರುವಾಗ ಅನ್ವಿ ಮೊಬೈಲು ಮುಟ್ಟಲಿಲ್ಲ. (ಜ್ವರ ಬಂದಿದೆಯೇ ಎಂದು ಮಗ ಕನ್ನಡಿಯಲ್ಲಿ ಎರಡು ಸಲ ನೋಡಿದ.) ನಮ್ಮ ಮನೆಯಿರುವ ದಾರ್ಸೈಟ್ ಹತ್ತಿರವಾದಾಗ ಮೆಲ್ಲಗೆ ಕೇಳಿದಳು.

‘ಅಜ್ಜ, ಆ ಎಡಿನ್‌ಬರ್ಗ್ ಅಂಕಲ್... ಮೀಟಿಂಗ್ ಮುಗಿದ ಮೇಲೆ ನಾನು ಕ್ಲಾಸಲ್ಲೂ ಮಾಡಿ ತೋರಿಸಿದೆ. ಅವಳ ಎದುರೇ. ಶಿ ಡಿಡಂಟ್ ಲಾಫ್.’

‘ಭಾನುವಾರ ಶಾಲೆ ಉಂಟಲ್ಲ?’ ಎಂದೆ. (ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ.)

‘ಹ್ಞೂಂ.’

‘ನನ್ನ ಹಾಗೆ ಇಪ್ಪತ್ತೆರಡು ವರ್ಷ ಕಾಯ್ಬೇಡ, ಮಗಾ. ನಿಜ್ವಾಕ್ಕೆ ಹೋಗುವ ಪೆಟ್ರೋಲಾದ್ರೂ ಉಳಿಯುತ್ತೆ.’

ಭಾನುವಾರ ಮಧ್ಯಾಹ್ನ ಬ್ಯಾಗು ಎಸೆದು ಒಳಗೆ ಬಂದವಳೇ, ‘ಡನ್,’ ಎಂದಳು. ಅಷ್ಟೇ. ಆಮೇಲೆ ಮಜ್ಜಿಗೆ ಕೇಳಿದಳು. ಏನು ಹೇಳಿದಳು, ಆ ಹುಡುಗಿ ಏನೆಂದಳು ಎಂದು ನಾನು ಕೇಳಲಿಲ್ಲ. ಎರಡು ಲೋಟ ಕುಡಿದಳು ಎಂಬುದನ್ನು ಮಾತ್ರ ನೋಡಿದೆ. ನಿಜ್ವಾದಿಂದ ಬಂದಾಗಿನಿಂದ ಸರಿಯಾಗಿ ಊಟವನ್ನೇ ಮಾಡಿರಲಿಲ್ಲ.

ನೋಟ್‌ಬುಕ್ ಈಗ ಅವಳ ಮೇಜಿನ ಮೇಲಿದೆ, ಬೀಗವಿಲ್ಲದೆ. ಕೊನೆಯ ಪುಟದಲ್ಲಿ ಎಡಕ್ಕೆ ‘ಕಾರ್ಕಳ’, ಬಲಕ್ಕೆ ‘ಕಾರ್ಲ’ ಎಂದು ಅವಳೇ ಬರೆದಿದ್ದಾಳೆ, ಅಂಕುಡೊಂಕು ಕನ್ನಡದಲ್ಲಿ.

ನಾನು ತಪ್ಪೊಪ್ಪಿಕೊಂಡಾಯಿತು. ಈಗ ನೀವು ಹೇಳಿ. ಕಳೆದ ಸಲ ನೀವು ಯಾರ ಇಂಗ್ಲಿಷಿಗೆ ನಕ್ಕಿರೋ, ಅವರ ಪೆಟ್ಟಿಗೆ ಬಂದು ತಲುಪಿತೋ ಇಲ್ಲವೋ ನೋಡಿದ್ದೀರಾ?