ಮೌಸಿಗೆ ಮೂಗುದಾರ ಹಾಕಿದ ಮೃಣಾಲಿನಿ

ಸವದತ್ತಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ರಕ್ತ ತಪಾಸಣೆ ಲ್ಯಾಬಿನ ಕಟ್ಟೆಯ ಮೇಲೆ ಖಾಲಿ ಹೊಟ್ಟೆಯ ಜನ ಆಗಲೇ ಸಾಲುಗಟ್ಟಿ ಕುಳಿತಿದ್ದಾರೆ. ಚಹಾ ಕುಡಿಯದ ಸಿಟ್ಟು ಎಲ್ಲರ ಮುಖದಲ್ಲೂ ಇದೆ. ಒಳಗೆ ಮೃಣಾಲಿನಿ ಕಂಪ್ಯೂಟರಿನ ಮೌಸನ್ನು ಬೋರಲು ಹಾಕಿ, ಅದರ ಹೊಟ್ಟೆಯೊಳಗೆ ಉರುಳುವ ರಬ್ಬರ್ ಗುಂಡು ತೆಗೆದು, ಸೆರಗಿನ ತುದಿಯಿಂದ ಒರೆಸುತ್ತಿದ್ದಾರೆ. ಗುಂಡಿಗೆ ಮೆತ್ತಿಕೊಂಡಿರುವುದು ವಿಭೂತಿ. ನಿನ್ನೆ ಅಮಾವಾಸ್ಯೆ, ಲ್ಯಾಬಿನವರು ಕಂಪ್ಯೂಟರಿಗೂ ಪೂಜೆ ಮಾಡಿದ್ದಾರೆ.

“ಪರದೀಗೆ ಹಚ್ರಿ, ಡಬ್ಬಿಗೆ ಹಚ್ರಿ, ನಾ ಬ್ಯಾಡ ಅನ್ನೂದಿಲ್ಲ. ಇದರ ಹೊಟ್ಟಿಯೊಳಗ ಯಾಕ ತುಂಬ್ತೀರಿ?” ಎಂದು ಅವರು ಗದರುತ್ತಾರೆ. ಕಂಪ್ಯೂಟರ್ ಮುಂದೆ ಕೂರುವ ರಾಜೇಶ್ವರಿಗೆ ಅದರ ಪರಿವೆಯೇ ಇಲ್ಲ. “ದೇವರ ಕಾರ್ಯ ಅಲ್ರೀ ಬಾಯಾರ, ಬಿಟ್ರ ಹೆಂಗ?” ಎನ್ನುತ್ತಾಳೆ. ಮೃಣಾಲಿನಿ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ರಾಮದುರ್ಗದ ಮೃಣಾಲಿನಿ ಬೆಳಗಿನ ಮೊದಲ ಬಸ್ಸಿನ ಕಾಯಂ ಗಿರಾಕಿ. ಇಂದು ಸವದತ್ತಿಯಾದರೆ ನಾಳೆ ಬೈಲಹೊಂಗಲ, ನಾಡಿದ್ದು ಕಿತ್ತೂರು. ಮಹಾಂತಪ್ಪ ಎಂಬುವವರು ತಮ್ಮೂರು ರಾಮದುರ್ಗವೂ ಸೇರಿದಂತೆ ಈ ನಾಲ್ಕೂ ಕಡೆ ಲ್ಯಾಬ್ ಇಟ್ಟಿದ್ದಾರೆ. ಅಲ್ಲಿ ರೋಗಿಯ ಹೆಸರು, ಊರು, ವಯಸ್ಸು, ಸಕ್ಕರೆ ಪ್ರಮಾಣ ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿ ರಿಪೋರ್ಟ್ ತೆಗೆಯುವ ಪ್ರೋಗ್ರಾಮನ್ನು ೧೯೯೭ರಲ್ಲಿ ಮೃಣಾಲಿನಿಯೇ ಬರೆದದ್ದು. ಕರಿ ಪರದೆ, ಹಸಿರು ಅಕ್ಷರ, ಚಿತ್ರ-ಗಿತ್ರ ಏನೂ ಇಲ್ಲ. ಒಂದು ಖಾನೆ ತುಂಬಿ ಎಂಟರ್ ಒತ್ತಿದರೆ ಮುಂದಿನ ಖಾನೆ ಬರುತ್ತದೆ. ಇಷ್ಟು ಸರಳ ಸಂಗತಿಗೆ ಇಷ್ಟೊಂದು ತಾಪತ್ರಯ ಇರಬಹುದೆಂದು ಬರೆಯುವಾಗ ಅವರಿಗೆ ಕನಸೂ ಬಿದ್ದಿರಲಿಲ್ಲ.

ಬೈಲಹೊಂಗಲದ ಲ್ಯಾಬಿನ ಹುಡುಗಿ, ಒತ್ತಿದ ಅಕ್ಷರ ಪರದೆಯ ಮೇಲೆ ಕಾಣುವವರೆಗೆ ಬೆರಳು ತೆಗೆಯುತ್ತಿರಲಿಲ್ಲ, ಒಬ್ಬ ರೋಗಿಯ ಹೆಸರಿನಲ್ಲಿ ಒಂದೇ ಅಕ್ಷರ ಇರುವೆ ಸಾಲಿನಂತೆ ಹರಿದುಹೋಗಿತ್ತು. ಕಿತ್ತೂರಿನವರು ಪ್ರತಿ ಸಲ ಎಂಟರ್ ಕೀಲಿಯನ್ನು ಎರಡೆರಡು ಬಾರಿ ಕುಟ್ಟಿ ನಡುವಿನ ಖಾನೆ ಹಾರಿಸುತ್ತಿದ್ದರು. ಯಾಕೆಂದು ಕೇಳಿದರೆ “ಗಟ್ಟಿ ಕೂಡ್ಲಿ ಅಂತ್ರಿ” ಎಂಬ ಉತ್ತರ! ಪ್ರತಿಯೊಂದಕ್ಕೂ ಮೃಣಾಲಿನಿ ಮನೆಗೆ ಬಂದು ಪ್ರೋಗ್ರಾಮಿನಲ್ಲಿ ಒಂದೊಂದು ತೇಪೆ ಹಾಕುತ್ತಾ ಹೋದರು. ಅತ್ತೆ ಕಮಲಾಬಾಯಿಗೆ ಸೊಸೆಯ ಕೆಲಸ ಏನೆಂಬುದು ಇಂದಿಗೂ ಪೂರ್ತಿ ತಿಳಿದಿಲ್ಲ. “ಮುಂಜಾನಿಂದ ಆ ಡಬ್ಬಿ ಮುಂದ ಕೂತು ಬೈಲಿಕ್ಕೆ ಹತ್ತಿರ್ತಾಳ. ಅದಕ್ಕೇನು ಕಿವಿ ಅವ?” ಎಂದು ಅವರು ನಗುತ್ತಾರೆ.

ಇಷ್ಟರ ಮೇಲೆ ೨೦೦೨ರಲ್ಲಿ ಮೌಸ್ ಬಂತು. ಮಹಾಂತಪ್ಪ ಬೆಳಗಾವಿಗೆ ಹೋಗಿ ಅಲ್ಲಿಯ ಲ್ಯಾಬೊಂದನ್ನು ನೋಡಿ ಬಂದಿದ್ದರು. ಮರುದಿನವೇ ನಾಲ್ಕು ಊರಿಗೂ ಮೌಸ್ ತರಿಸಿದರು. ಅಕ್ಷರಗಳ ಪರದೆಗೆ ಇದು ಬೇಕಾಗಿಲ್ಲ, ಕೀಬೋರ್ಡ್ ಮೇಲಿಂದ ಕೈ ಎತ್ತುವ ಕಾರಣವೇ ಇಲ್ಲ ಎಂದು ಮೃಣಾಲಿನಿ ಬಗೆಬಗೆಯಾಗಿ ಹೇಳಿ ನೋಡಿದರು. “ಬೆಳಗಾವ್ಯಾಗ ಎಲ್ಲಾರ ಹಂತೇಕೂ ಐತ್ರಿ. ನಮ್ಮಲ್ಲಿ ಇಲ್ಲಂದ್ರ ಮಂದಿ ಏನಂದಾರು?” ಎಂಬುದಷ್ಟೇ ಮಹಾಂತಪ್ಪನವರ ವಾದ. ಆ ಮಾತು ನೆನೆದರೆ ಮೃಣಾಲಿನಿಗೆ ಈಗಲೂ ಮೈ ಉರಿಯುತ್ತದೆ. “ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಅಂತಾರಲ್ಲ, ಹಂಗ. ಕೂಡ್ಲಿಕ್ಕೆ ನೆಟ್ಟಗೊಂದು ಖುರ್ಚಿ ಇಲ್ಲ, ಮೌಸ್ ಬೇಕಂತ ಮೌಸ್!”

ಬೇಡವೆಂದರೂ ಬಂದ ಅತಿಥಿಗೆ ಜಾಗ ಮಾಡಿಕೊಡಲೇಬೇಕಲ್ಲ. ಯಾವ ಖಾನೆಯ ಮೇಲೆ ಮೌಸ್ ಒತ್ತಿದರೂ ಟೈಪು ಅಲ್ಲಿಂದಲೇ ಶುರುವಾಗುವಂತೆ ಅವರು ಪ್ರೋಗ್ರಾಮ್ ತಿದ್ದಿಕೊಟ್ಟರು. ಯಾವುದಾದರೂ ಖಾನೆ ಖಾಲಿ ಉಳಿದರೆ ಕೊನೆಯಲ್ಲಿ ತಾನಾಗಿ ಅಲ್ಲಿಗೇ ಹೋಗಿ ನಿಲ್ಲುವ ಜಾಣತನವನ್ನೂ ಸೇರಿಸಿದರು. ಆ ಜಾಣತನವೇ ಮುಂದೆ ಕುತ್ತಿಗೆಗೆ ಬಂತು.

ಆಗ ಸವದತ್ತಿಯ ಖುರ್ಚಿಯಲ್ಲಿ ಇದ್ದವರು ನಿಜಗುಣಪ್ಪ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೋರ್ಟಿನ ಮುಂದೆ ಬೇವಿನ ಮರದ ಕೆಳಗೆ ಟೈಪಿಂಗ್ ಮಶೀನ್ ಇಟ್ಟುಕೊಂಡು ಅರ್ಜಿ ಹೊಡೆದವರು. ಎದುರಿಗೇ ಕಂಪ್ಯೂಟರ್ ಅಂಗಡಿ ಆದ ಮೇಲೆ ಅವರ ಮರದ ಕಡೆ ಯಾರೂ ಸುಳಿಯಲಿಲ್ಲ. ಟೈಪು ಬರುತ್ತದೆಂಬ ಕಾರಣಕ್ಕೆ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಕಣ್ಣು ಕಾಗದದ ಮೇಲೆ, ಬೆರಳು ಕೀಲಿಗಳ ಮೇಲೆ. ಅವರು ಪರದೆ ನೋಡುತ್ತಲೇ ಇರಲಿಲ್ಲ, ನೋಡುವ ಅಗತ್ಯವೂ ಅಲ್ಲಿಯವರೆಗೆ ಬಿದ್ದಿರಲಿಲ್ಲ.

ಮೌಸ್ ಬಂದ ಎರಡನೇ ತಿಂಗಳು ಸೋಮವ್ವ ಎಂಬ ಅಜ್ಜಿಯ ರಿಪೋರ್ಟಿನಲ್ಲಿ ಸಕ್ಕರೆ ಅರವತ್ತೆರಡು ಎಂದು ಬಂತು. ಡಾಕ್ಟರು ಅದೊಂದನ್ನೇ ನೋಡಿ ಸಕ್ಕರೆ ಗುಳಿಗೆ ನಿಲ್ಲಿಸಿಬಿಟ್ಟರು. ವಾರದಲ್ಲಿ ಅಜ್ಜಿ ನಾಲಿಗೆ ಒಣಗಿ, ಕಣ್ಣು ಮಂಜಾಗಿ ಮತ್ತೆ ಬಂದಾಗಲೇ ಡಾಕ್ಟರು ರಿಪೋರ್ಟನ್ನು ಪೂರ್ತಿ ಓದಿದ್ದು. ಅದರಲ್ಲಿ ವಯಸ್ಸು ನೂರಾ ಎಂಬತ್ತು! ಎರಡೂ ಅಂಕಿ ಅದಲು ಬದಲಾಗಿದ್ದವು. ಅಜ್ಜಿ ಗಟ್ಟಿ ಜೀವ, ಚೇತರಿಸಿಕೊಂಡರು. “ಆತ ಬಿಡ್ರಿ, ಇನ್ನ ನೂರ ವರ್ಷ ಬರದ ಕೊಟ್ಟೀರಲ್ಲ” ಎಂದು ನಕ್ಕರು. ಮಹಾಂತಪ್ಪ ಮಾತ್ರ ನಗಲಿಲ್ಲ. ಲ್ಯಾಬಿನ ನಡುವೆ ನಿಂತು, ಕಟ್ಟೆಯ ಮೇಲಿನವರಿಗೆಲ್ಲ ಕೇಳುವಂತೆ ನಿಜಗುಣಪ್ಪನವರನ್ನು ಬೈದರು. ಇನ್ನೊಂದು ತಪ್ಪಾದರೆ ಮನೆಗೆ ಹೋಗಿ ಎಂದೂ ಹೇಳಿದರು.

ತಪ್ಪು ಪ್ರೋಗ್ರಾಮಿನದೇ ಇರಬೇಕೆಂದು ಮೃಣಾಲಿನಿ ಬರೆದದ್ದನ್ನೆಲ್ಲ ಸಾಲು ಸಾಲಾಗಿ ಜಾಲಾಡಿದರು. ಏನೂ ಸಿಗಲಿಲ್ಲ. ತಾವೇ ಕುಳಿತು ಟೈಪು ಮಾಡಿದರೆ ಎಲ್ಲ ಸರಿಯಾಗಿರುತ್ತಿತ್ತು. ತಲೆ ಕೆಟ್ಟು ಒಂದು ಬೆಳಿಗ್ಗೆ ಸವದತ್ತಿಗೆ ಹೋಗಿ ನಿಜಗುಣಪ್ಪನವರ ಬೆನ್ನ ಹಿಂದೆ ಸ್ಟೂಲ್ ಹಾಕಿಕೊಂಡು ಸುಮ್ಮನೆ ಕುಳಿತರು.

ಟೈಪಿಂಗ್ ಮಶೀನಿನಲ್ಲಿ ಒಂದು ಸಾಲು ಮುಗಿದರೆ ಎಡಗೈ ಚಾಚಿ ಒಂದು ಹಿಡಿಕೆಯನ್ನು ಬಲಕ್ಕೆ ತಳ್ಳಬೇಕು, ಆಗ ಮುಂದಿನ ಸಾಲು. ಕಂಪ್ಯೂಟರಿನಲ್ಲಿ ಅಂಥ ಹಿಡಿಕೆ ಎಲ್ಲಿಂದ ಬರಬೇಕು? ಆದರೆ ನಿಜಗುಣಪ್ಪನವರ ಎಡಗೈಗೆ ಅದನ್ನು ಯಾರೂ ಹೇಳಿರಲಿಲ್ಲ. ಎಂಟರ್ ಒತ್ತಿದ ಮೇಲೂ ಆಗಾಗ ಅದು ತಾನಾಗಿ ಹೊರಗೆ ಹೋಗಿ ಗಾಳಿಯನ್ನು ತಳ್ಳಿ ಬರುತ್ತಿತ್ತು. ಈಗ ಅಲ್ಲಿ ಗಾಳಿಯ ಬದಲು ಮೌಸ್ ಇತ್ತು. ಅಂಗೈ ಅದರ ಒತ್ತುಗುಂಡಿಗೆ ಬಡಿಯುತ್ತಿತ್ತು, ಪರದೆಯ ಮೇಲೆ ಮೌಸಿನ ಗುರುತು ಸಕ್ಕರೆಯ ಖಾನೆಯಲ್ಲಿದ್ದರೆ ಟೈಪು ವಯಸ್ಸಿನ ಖಾನೆ ಬಿಟ್ಟು ಅಲ್ಲಿಗೆ ಜಿಗಿಯುತ್ತಿತ್ತು. ಅವರು ಕಾಗದ ನೋಡುತ್ತಾ ಅಲ್ಲಿ ವಯಸ್ಸು ಹೊಡೆಯುತ್ತಿದ್ದರು. ಖಾಲಿ ಉಳಿದ ವಯಸ್ಸಿನ ಖಾನೆಗೆ ಪ್ರೋಗ್ರಾಮೇ ಅವರನ್ನು ಕರೆತಂದು ನಿಲ್ಲಿಸುತ್ತಿತ್ತು, ಅಲ್ಲಿ ಸಕ್ಕರೆ ಬೀಳುತ್ತಿತ್ತು.

ಮೌಸನ್ನು ತೆಗೆದೇ ಬಿಡೋಣವೆಂದರೆ ಮಹಾಂತಪ್ಪ ಒಪ್ಪುವವರಲ್ಲ, ಬಲಕ್ಕಿಡೋಣವೆಂದರೆ ಅಲ್ಲಿ ರಕ್ತದ ನಳಿಕೆಗಳ ಸ್ಟ್ಯಾಂಡು. ಕೈ ಹಿಡಿದುಕೊಳ್ಳಿ ಎಂದರೆ ಹಿಡಿದುಕೊಂಡರು, ನಾಲ್ಕು ರೋಗಿಗಳಾಗುವಷ್ಟರಲ್ಲಿ ಮರೆತರು. ವಿಷಯ ತಿಳಿದ ನಿಜಗುಣಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಮಹಾಂತಪ್ಪಗ ಹೇಳಬ್ಯಾಡ ತಂಗಿ. ಕೋರ್ಟಿನ ಮುಂದಿಂದ ಒಂದ ಸಲ ಈ ಕಂಪ್ಯೂಟರ್ ನನ್ನ ಎಬ್ಬಿಸೇತಿ. ಇಲ್ಲಿಂದೂ ಎಬ್ಬಿಸಿದ್ರ ಮತ್ತೆಲ್ಲಿ ಹೋಗಿ ಕುಂದರ್ಲಿ?”

ಮೃಣಾಲಿನಿ ಹೇಳಲಿಲ್ಲ. ಕೈ ತಿದ್ದಲು ಆಗದಿದ್ದರೆ ಮೌಸನ್ನೇ ತಿದ್ದಬೇಕು. ಹೆಸರಿನ ಮೊದಲ ಅಕ್ಷರ ಬಿದ್ದ ಕ್ಷಣದಿಂದ ಕೊನೆಯ ಖಾನೆ ತುಂಬುವವರೆಗೆ ಮೌಸಿನ ಮಾತು ಕೇಳಬೇಡ ಎಂದು ಪ್ರೋಗ್ರಾಮಿಗೆ ಕಟ್ಟಪ್ಪಣೆ ಮಾಡಿದರು. ಎಲ್ಲ ತುಂಬಿದ ಮೇಲೆ ಬೇಕಾದಷ್ಟು ಒತ್ತಲಿ, ಓಡಾಡಲಿ. ವಯಸ್ಸು ನೂರಿಪ್ಪತ್ತು ದಾಟಿದರೆ ಕೂಗು ಹಾಕುವಂತೆಯೂ ಮಾಡಿದರು. ಹೇಳುವುದು ಸುಲಭ, ಕೀಬೋರ್ಡ್ ಒಂದು ಕಡೆ ಮೌಸ್ ಒಂದು ಕಡೆ ಎಳೆಯುವಾಗ ಯಾವುದಕ್ಕೆ ಯಾವಾಗ ಕಿವಿಗೊಡಬೇಕೆಂದು ಬಗೆಹರಿಸುವಲ್ಲಿ ಅವರಿಗೆ ಸಾಕುಸಾಕಾಯಿತು. “ಇಬ್ರು ಸವತಿಯರ ಸಂಸಾರ ನಡಸೂದು ಇದಕ್ಕಿಂತ ಸುಲಭ ಇರ್ಬೇಕು” ಎನ್ನುತ್ತಾರೆ.

ಅಂದಿನಿಂದ ಸವದತ್ತಿಯಲ್ಲಿ ಒಂದೂ ಅಂಕಿ ಅದಲು ಬದಲಾಗಲಿಲ್ಲ. ನಿಜಗುಣಪ್ಪನವರ ಎಡಗೈ ಮಾತ್ರ ಮೌಸಿಗೆ ಬಡಿಯುವುದನ್ನು ಬಿಡಲಿಲ್ಲ.

ಕಳೆದ ಶ್ರಾವಣದಲ್ಲಿ ಕಣ್ಣಿಗೆ ಪೊರೆ ಬಂದು ನಿಜಗುಣಪ್ಪ ತಾವಾಗಿಯೇ ಕೆಲಸ ಸಾಕೆಂದರು. ಲ್ಯಾಬಿನಲ್ಲಿ ಹಾರ, ಶಾಲು, ಪೇಢೆ ಎಲ್ಲ ಆಯಿತು. ಮಹಾಂತಪ್ಪ ಭಾಷಣವನ್ನೂ ಮಾಡಿದರು: “ಮೊದಲ ಇವರಿಗೆ ಮೌಸ್ ಬಗಿಹರೀತಿದ್ದಿಲ್ಲ. ಒಂದ ಸಲ ಚಲೋತ್ನಾಗ ಬೈದೆ ನೋಡ್ರಿ, ಅವತ್ತಿಂದ ಒಂದ ತಪ್ಪಿಲ್ಲ!” ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದೆ ಗೋಡೆಗೆ ಒರಗಿ ನಿಂತಿದ್ದ ಮೃಣಾಲಿನಿಯೂ ತಟ್ಟಿದರು. ಈ ಕಥೆ ಈಗ ಹೊರಗೆ ಬರುತ್ತಿರುವುದೂ ನಿಜಗುಣಪ್ಪನವರ ಅಪ್ಪಣೆಯಿಂದಲೇ. “ಇನ್ನ ಬರೀರಿ, ನನ್ನ ಯಾರೂ ಏನೂ ಮಾಡಾಕ ಆಗೂದಿಲ್ಲ” ಎಂದು ಅವರು ನಗುತ್ತಾರೆ.

ಆ ಭಾಷಣ ಕೇಳಿ ಸಿಟ್ಟು ಬರಲಿಲ್ಲವೇ ಎಂದರೆ ಮೃಣಾಲಿನಿ ಒರೆಸಿದ ಗುಂಡನ್ನು ಮೌಸಿನೊಳಗೆ ಕೂರಿಸಿ ಮುಚ್ಚಳ ತಿರುಗಿಸುತ್ತಾರೆ.

“ಬಂತು, ಯಾಕ ಸುಳ್ಳು ಹೇಳ್ಲಿ? ನಾಲಿಗಿ ತುದೀತನಾ ಬಂದಿತ್ತು. ಆದ್ರ ನಿಜಗುಣಪ್ಪ ಕಾಕಾ ಹಾರ ಹಾಕ್ಕೊಂಡು ತಮ್ಮ ಕಾಲ ಮ್ಯಾಲೆ ತಾವ ಎದ್ದು ಹೊಂಟಿದ್ರು. ಈ ಸಲ ಅವರನ್ನ ಯಾರೂ ಎಬ್ಬಿಸ್ಲಿಲ್ಲ.”