ಬಾಗಿಲು ತೆರೆದವನ ಪರ ನಿಂತ ಟೀಚರ್

ಟೀಚರ್ ಅವರ ಎಡಗಣ್ಣಿನ ರೆಪ್ಪೆ ಅರ್ಧ ಇಳಿದೇ ಇರುತ್ತಿತ್ತು. ಎದುರಿಗಿದ್ದವರನ್ನು ಸರಿಯಾಗಿ ನೋಡಬೇಕೆನಿಸಿದಾಗ ಅದನ್ನು ತೋರುಬೆರಳಿನಿಂದ ಮೇಲೆತ್ತಿ ಹಿಡಿಯುತ್ತಿದ್ದರು. ಕೊಲ್ಲಿ ನಾಡಿನ ಅಲ್ ಸದ್ದ್ ಬಡಾವಣೆಯಲ್ಲಿ ನಮ್ಮ ಎದುರು ಫ್ಲ್ಯಾಟಿನವರು, ಬಂಟ್ವಾಳದ ಕಡೆಯವರು. ಇಲ್ಲಿನ ಶಾಲೆಯಲ್ಲಿ ಚರಿತ್ರೆ ಕಲಿಸಿ, ನಿವೃತ್ತಿಯಾದ ಮೇಲೆ ಮಗನ ಜೊತೆಗಿದ್ದರು. ಸಂಜೆ ನನ್ನ ಮಗಳಿಗೆ ಪಾಠ. ಅವಳು ಬಾಯಿಪಾಠ ಒಪ್ಪಿಸಿದರೆ, "ಖಲಾಸ್? ಇನ್ನು ನಿನ್ನ ಮಾತಲ್ಲಿ ಹೇಳು" ಅನ್ನುತ್ತಿದ್ದರು.

ನೆರೆದೇಶಗಳು ಗಡಿ ಮುಚ್ಚಿದ ವರ್ಷ ನನ್ನ ತರಕಾರಿ ಅಂಗಡಿಗೆ ಲಾರಿ ಬರುವುದು ನಿಂತಿತು. ಹಡಗಿನಲ್ಲಿ, ವಿಮಾನದಲ್ಲಿ ಬಂದದ್ದೆಲ್ಲ ದೊಡ್ಡ ಮಳಿಗೆಗಳಿಗೆ ಹೋಗುತ್ತಿತ್ತು. ಮುಚ್ಚಿಬಿಡಿ ಎಂದು ಹೆಂಡತಿ ಹೇಳಿದಳು. ನಾನು ಕೇಳಲಿಲ್ಲ. ಕೈಯಾರೆ ಕಟ್ಟಿದ ಅಂಗಡಿ. ಪುತ್ತೂರಿನ ಇಬ್ಬರು ಕೆಲಸಗಾರರೊಂದಿಗೆ ಖಾಲಿ ಬುಟ್ಟಿಗಳ ನಡುವೆ ಕೂತೇ ಇದ್ದೆ.

ಒಂದು ಸಂಜೆ ಮಗಳನ್ನು ಕರೆತರಲು ಹೋದಾಗ ಸ್ಪೇನಿನ ಜಿರೋನಾ ಎಂಬ ಕೋಟೆಯೂರಿನ ಪಾಠ ನಡೆದಿತ್ತು. ನೆಪೋಲಿಯನ್ನನ ಸೈನ್ಯ ತಿಂಗಳುಗಟ್ಟಲೆ ಮುತ್ತಿಗೆ ಹಾಕಿತ್ತಂತೆ. ಶರಣಾಗತಿಯ ಮಾತೆತ್ತಿದವರಿಗೆ ಮರಣದಂಡನೆ ಎಂದು ಒಳಗಿನ ಸೇನಾಪತಿ ಸಾರಿದ್ದ. ಜನ ಕುದುರೆ ತಿಂದು ಮುಗಿಸಿದರು, ಬೆಕ್ಕು ತಿಂದರು, ಜ್ವರ ಬಂದು ಬೀದಿಬೀದಿಯಲ್ಲಿ ಸತ್ತರು. ಕಡೆಗೆ ಸೇನಾಪತಿಯೇ ಜ್ವರದಿಂದ ಮಲಗಿದ. ಅವನ ಕೆಳಗಿನವನು ಅಧಿಕಾರ ವಹಿಸಿಕೊಂಡು ಕೋಟೆಯ ಬಾಗಿಲು ತೆರೆಸಿದ.

"ಅವನು ಹೇಡಿ," ಎಂದಳು ಮಗಳು.

ಟೀಚರ್ ರೆಪ್ಪೆ ಎತ್ತಿದರು. "ಯಾರು ಹೇಳಿದ್ದು? ಒಳಗೆ ಮಕ್ಕಳನ್ನು ಇಟ್ಟುಕೊಂಡಿದ್ದ ತಾಯಂದಿರನ್ನು ಕೇಳಿದ್ಯಾ?"

ಮಗಳು ಹೊರಗೆ ಚಪ್ಪಲಿ ಹಾಕುವಾಗ, ಅದು ನನಗೆ ಹೇಳಿದ್ದಾ ಎಂದು ಮೆಲ್ಲಗೆ ಕೇಳಿದೆ.

"ಪಾಠ ಮಗುವಿಗೆ, ಶೆಟ್ರೇ. ಆದ್ರೆ ನಿಮ್ಮ ಅಂಗಡಿಯ ಆ ಇಬ್ಬರು ರಾತ್ರಿ ಎಂತ ಉಣ್ತಾರೆ ಅಂತ ನಿಮಗೆ ಗೊತ್ತುಂಟಾ?"

ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ.

ಆ ವಾರವೇ ಷಟರ್ ಎಳೆದೆ. ಹಮದ್ ಬಂದರಿನ ಗೋದಾಮಿನಲ್ಲಿ ಮೊದಲು ಅವರಿಬ್ಬರಿಗೆ ಕೆಲಸ ಹುಡುಕಿದೆ, ಆಮೇಲೆ ನನಗೆ. ಟೀಚರ್ ಆ ವಿಷಯ ಮತ್ತೆ ಎತ್ತಲೇ ಇಲ್ಲ. ಶುಕ್ರವಾರ ಎಂದಿನಂತೆ ಬಿಸಿ ಬನ್ಸ್ ಕಳಿಸಿದರು.

ಕಳೆದ ವರ್ಷ ಅವರು ತೀರಿಕೊಂಡರು. ದೇಹವನ್ನು ಊರಿಗೆ ಕಳಿಸುವ ಮೊದಲು ಕೊನೆಯ ಬಾರಿ ನೋಡಲು ಆ ಇಬ್ಬರೂ ರಜೆ ಹಾಕಿ ಬಂದಿದ್ದರು. ಹಿರಿಯವನು ನಿಂತಲ್ಲೇ ಬಿಕ್ಕತೊಡಗಿದ. ನಿಮಗೆ ಇಷ್ಟು ಪರಿಚಯ ಹೇಗೆ ಎಂದು ಕೇಳಿದೆ.

"ಅಂಗಡಿ ಮುಚ್ಚುವ ತನಕ ರಾತ್ರಿ ನಮಗೆ ಗಂಜಿ ಕೊಟ್ಟದ್ದು ಇವರೇ ಅಲ್ವಾ ಅಣ್ಣ. ಶೆಟ್ರಿಗೆ ಹೇಳ್ಬೇಡಿ, ಬೇಜಾರು ಮಾಡಿಕೊಳ್ತಾರೆ ಅಂತ ಹೇಳಿದ್ರು."

ಕೈಮುಗಿಯಬೇಕಾದವರು ಎದುರಿಗೇ ಮಲಗಿದ್ದರು.