ಬೂದಿಯ ಗೋದಲಿ

ಲಾಯದಲ್ಲಿ ಎಲ್ಲರೂ ಆ ಹುಡುಗಿಯನ್ನು ಪುಕ್ಕಟೆ ಎಂದೇ ಕರೆಯುತ್ತಿದ್ದರು. ಕಾಲೇಜಿಗೆ ಮೊದಲು ಎರಡು ಗಂಟೆ ಸಂಬಳವಿಲ್ಲದೆ ದುಡಿಯುವ ಹುಡುಗ ಹುಡುಗಿಯರು ಇನ್ನೂ ಐದಾರು ಮಂದಿ ಇದ್ದರು. ಹೆಸರು ಅಂಟಿದ್ದು ಮಾತ್ರ ಇವಳಿಗೆ. ಉಳಿದವರು ಸವಾರಿಯ ಆಸೆಗೆ ಬರುತ್ತಿದ್ದರು. ಇವಳು ಬರುತ್ತಿದ್ದುದು ಬೂದಿಯೆಂಬ ಕುದುರೆಗಾಗಿ.

“ಮನೇಲಿ ಒಂದು ಲೋಟ ತೊಳೆಯೋಕೆ ಕೈ ನೋಯುತ್ತೆ, ಅಲ್ಲಿ ಲದ್ದಿ ಬಾಚೋಕೆ ನೋಯಲ್ಲ,” ಎಂದು ಅಮ್ಮ ಗೊಣಗಿದರೆ ಬೂಟು ಹಾಕಿಕೊಳ್ಳುತ್ತಿದ್ದಳು.

ಬೂದಿ ಬೆನ್ನು ಬಗ್ಗಿದ ಮುದಿ ಹೆಣ್ಣುಕುದುರೆ. “ಮೇವು ತಿನ್ನೋವರೆಗೂ ಇರಲಿ. ಬಿಟ್ಟ ದಿನ ಕಳಿಸಿಬಿಡೋಣ,” ಎಂದು ಲಾಯದ ಯಜಮಾನರು ಹೇಳಿದ್ದರು. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಯಜಮಾನರು ಸಾಲಾಗಿ ಮೇವಿನ ಗೋದಲಿಗಳನ್ನು ಇಣುಕಿ ನೋಡುವರು. ಬರಿದಾಗಿದ್ದರೆ ಕುದುರೆ ಚೆನ್ನಾಗಿದೆಯೆಂದು ಲೆಕ್ಕ. ಒಂದು ಸೋಮವಾರ ಬೂದಿಯ ಗೋದಲಿಯಲ್ಲಿ ನೆನೆಸಿದ ಕಾಳು ಹಾಗೆಯೇ ಉಳಿದಿತ್ತು. ಯಜಮಾನರ ಹೆಜ್ಜೆ ಸಪ್ಪಳಕ್ಕೆ ಮೊದಲೇ ಹುಡುಗಿ ಅದನ್ನು ಬೊಗಸೆಯಲ್ಲಿ ಬಾಚಿ ಪಕ್ಕದ ಕುದುರೆ ಕರಿಯನಿಗೆ ಸುರಿದಳು. ಮರುದಿನವೂ ಅಷ್ಟೇ. ಹೀಗೆ ಹನ್ನೆರಡು ದಿನ.

ಬೂದಿ ಸೊರಗುತ್ತ ಬಂದಿತು. “ವಯಸ್ಸು,” ಎಂದರು ಯಜಮಾನರು. ಲಾಯದ ತಾತ ಮಾತ್ರ ಎರಡು ಕುದುರೆಗಳನ್ನೂ ನೋಡಿ, “ಇವಳು ಉಣ್ತಾಳೆ, ಅವನು ದಪ್ಪಗಾಗ್ತಾನೆ. ಒಳ್ಳೆ ಸಂಸಾರ ಕಣಮ್ಮ,” ಎಂದ. ಹುಡುಗಿ ನಗಲಿಲ್ಲ.

ಹದಿಮೂರನೆಯ ದಿನ ಬೂದಿ ಮೇಲೇಳಲಿಲ್ಲ. ಡಾಕ್ಟರು ಬಾಯಿ ತೆರೆಸಿ ನೋಡಿದರು. ದವಡೆ ಹಲ್ಲೊಂದು ಚೂಪಾಗಿ ಬೆಳೆದು ಕೆನ್ನೆಯನ್ನು ಒಳಗಿಂದ ಕೊರೆದಿತ್ತು, ಹುಣ್ಣು ಕೀವುಗಟ್ಟಿತ್ತು.

“ಆಗಲೇ ಹಲ್ಲಿಗೆ ಅರ ಹಾಕಿ ಉಜ್ಜಿದ್ದಿದ್ರೆ ಅರ್ಧ ಗಂಟೆ ಕೆಲಸ. ಮೇವು ಬಿಟ್ಟಾಗಲೇ ಯಾಕೆ ಕರೀಲಿಲ್ಲ?”

“ಎಲ್ಲಿ ಬಿಟ್ಟಿತ್ತು ಡಾಕ್ಟ್ರೆ? ದಿನಾ ನಾನೇ ನೋಡ್ತಿದ್ದೆ. ಗೋದಲಿ ನೆಕ್ಕಿಟ್ಟ ಹಾಗಿರ್ತಿತ್ತು.”

ತಾತ ಹುಡುಗಿಯತ್ತ ನೋಡಿ ತಲೆ ತಗ್ಗಿಸಿದ. ಡಾಕ್ಟರು ಚೀಲಕ್ಕೆ ಕೈ ಹಾಕುತ್ತ, “ಇನ್ನು ಇದು ಉಳಿಯಲ್ಲ. ಮಕ್ಕಳನ್ನ ಆಚೆ ಕಳಿಸಿ,” ಎಂದರು.

ಮರುದಿನ ಎಂಟಕ್ಕೆ ಅವಳು ಯಜಮಾನರೆದುರು ನಿಂತು ಎಲ್ಲವನ್ನೂ ಹೇಳಿದಳು.

“ನಾಳೆಯಿಂದ ಬರಬೇಡಮ್ಮ.”

ಅವಳು ಹಿಡಿದ ಕೆಲಸ ಬಿಡಲಿಲ್ಲ. ನೆಲ ಗುಡಿಸಿ, ಬೂದಿಯ ಗೋದಲಿಯನ್ನು ಉಜ್ಜಿ ತೊಳೆದಳು. ತಲೆಯೆತ್ತಿದಾಗ ಅಡ್ಡಹಲಗೆಯ ಮೇಲಿಂದ ಕರಿಯ ಕತ್ತು ಚಾಚಿ, ತುಟಿ ಅಲುಗಿಸುತ್ತ, ಅವಳ ಬೊಗಸೆ ಕಾಳಿಗಾಗಿ ಕಾಯುತ್ತಿದ್ದ.